ಪ್ರೆಸ್ ಇಲ್ಲದೆ ಲಿನೋ ಅಚ್ಚು: 9ನೇ ತರಗತಿ, 42 ಮಕ್ಕಳು, 40 ನಿಮಿಷದ ಪಿರಿಯಡ್

ಬಿಳಿಹಾಳೆ

9ನೇ ತರಗತಿಗೆ ಈ ಸಲ ಲಿನೋ ಅಚ್ಚುಚಿತ್ರ (ಲಿನೋಲಿಯಂ ಶೀಟ್ ಕೊರೆದು, ಇಂಕ್ ಹಚ್ಚಿ ಕಾಗದಕ್ಕೆ ಒತ್ತಿ ತೆಗೆಯೋದು) ಮಾಡಿಸಬೇಕು ಅಂತಿದೆ. 42 ಮಕ್ಕಳು, ವಾರಕ್ಕೆ ಎರಡು ಪಿರಿಯಡ್. ಪ್ರೆಸ್ ಇಲ್ಲ. ಲಿನೋ ಉಳಿಯ ಸೆಟ್ 15 ಇವೆ, ರಬ್ಬರ್ ರೋಲರ್ 4. ನಲ್ಲಿ ಒಂದೇ, ಅದೂ ಕೋಣೆಯ ಹೊರಗೆ. ಒಟ್ಟು 6 ಪಿರಿಯಡ್ ಲೆಕ್ಕ ಹಾಕಿದ್ದೀನಿ: ಒಂದರಲ್ಲಿ ಚಿತ್ರ, ಒಂದರಲ್ಲಿ ಟ್ರೇಸಿಂಗ್, ಮೂರರಲ್ಲಿ ಕೊರೆಯೋದು, ಕೊನೆಯದರಲ್ಲಿ ಅಚ್ಚು ತೆಗೆಯೋದು. ತಲಾ 4 ಪ್ರತಿ. ಆಗುತ್ತಾ? ಯಾವ ಶೀಟ್, ಯಾವ ಇಂಕ್, ಎಷ್ಟು ತರಿಸಬೇಕು? ಪೋಸ್ಟರ್ ಕಲರ್‌ನಲ್ಲೇ ಮುಗಿಸಬಹುದು ಅನ್ನೋರೂ ಇದ್ದಾರೆ, ಅದು ನಿಜವಾ?

ಅಚ್ಚುಮೊಳೆ

ಆಗಲ್ಲ. ಶೀಟು, ಇಂಕು ಆಮೇಲೆ ನೋಡೋಣ, ಮೊದಲು ಪಿರಿಯಡ್ ಲೆಕ್ಕ ಸರಿಮಾಡಿಕೊಳ್ಳಿ.

42 ಮಕ್ಕಳಿಗೆ ತಲಾ 4 ಅಂದರೆ 168 ಪ್ರತಿ. ಇಂಕ್ ಉರುಳಿಸಿ, ಕಾಗದ ಕೂರಿಸಿ, ಉಜ್ಜಿ, ಎತ್ತಿ, ಒಣಗಿಸೋ ಹಗ್ಗಕ್ಕೆ ಹಾಕೋಕೆ ಹೊಸ ಕೈಗೆ ಒಂದೊಂದು ಪ್ರತಿಗೂ ಮೂರೂವರೆ ನಿಮಿಷ ಬೇಕು. 40 ನಿಮಿಷದಲ್ಲಿ ಸಾಮಾನು ಹರಡೋಕೆ 5, ಒರೆಸಿಡೋಕೆ 7 ಹೋದರೆ ಉಳಿಯೋದು 28. ಒಂದು ರೋಲರ್‌ಗೆ 8 ಪ್ರತಿ, ನಾಲ್ಕಕ್ಕೆ 32. ಅಂದರೆ ಅಚ್ಚು ತೆಗೆಯೋಕೇ ಐದು ಪಿರಿಯಡ್ ದಾಟುತ್ತೆ.

ಇನ್ನು 15 ಸೆಟ್ ಅಂದರೆ 15 ಹಿಡಿ. ಸೆಟ್‌ನಲ್ಲಿ ಐದು ಬ್ಲೇಡ್ ಇದ್ದರೂ ಹಿಡಿ ಒಂದೇ. ಒಂದು ಹೊತ್ತಿಗೆ ಕೊರೆಯೋರು 15 ಜನ, ಉಳಿದ 27 ಜನ ಏನು ಮಾಡಬೇಕು ಅಂತ ನಿಮ್ಮ ಯೋಜನೆಯಲ್ಲಿ ಇಲ್ಲ.

14 ಜನರ ಮೂರು ಗುಂಪು ಮಾಡಿ. ಮೊದಲ ಎರಡು ಪಿರಿಯಡ್ ಎಲ್ಲರೂ ಚಿತ್ರ, ಟ್ರೇಸಿಂಗ್. 3ರಿಂದ 5: ಮೊದಲ ಗುಂಪು ಕೊರೆಯಲಿ. 6ರಿಂದ 8: ಎರಡನೇ ಗುಂಪು ಕೊರೆಯಲಿ, ಮೊದಲನೆಯದು ಅಚ್ಚು ತೆಗೆಯಲಿ. 9ರಿಂದ 11: ಮೂರನೇ ಗುಂಪು ಕೊರೆಯಲಿ, ಎರಡನೆಯದು ಅಚ್ಚಿಗೆ. 12, 13: ಮೂರನೆಯದರ ಅಚ್ಚು. ತಲಾ 3 ಪ್ರತಿ ಇಟ್ಟುಕೊಳ್ಳಿ. ಹೊಸ ಲಿನೋ ಇಂಕ್ ಹೀರೋದರಿಂದ ಮೊದಲ ಪ್ರತಿ ಯಾವಾಗಲೂ ಮಸುಕು, ಅದು ಪರೀಕ್ಷೆಗೆ. ಉಳಿದ ಎರಡು ಮಗುವಿಗೆ. ಒಟ್ಟು ಆರೂವರೆ ವಾರ. ಇದಕ್ಕಿಂತ ಕಡಿಮೆಯಲ್ಲಿ ಮುಗಿಸೋಕೆ ಹೋದರೆ ಕೊನೆಯ ಹತ್ತು ಮಕ್ಕಳು ಕೊರೆದ ಲಿನೋ ಹಲಗೆ ಒಂದೂ ಅಚ್ಚು ಕಾಣದೆ ಬೀರು ಸೇರುತ್ತೆ.

ಹಗ್ಗಕ್ಲಿಪ್ಪು

ಹಿಡಿ ಬಿಡಿಯಾಗಿಯೂ ಸಿಗುತ್ತೆ. ಇನ್ನೊಂದು 15 ಹಿಡಿ ತಂದರೆ ಒಂದು ಸೆಟ್‌ನಲ್ಲಿ ಇಬ್ಬರು, ಒಬ್ಬರಿಗೆ ವಿ ಬ್ಲೇಡ್, ಇನ್ನೊಬ್ಬರಿಗೆ ಯು ಬ್ಲೇಡ್. ಎರಡೇ ಗುಂಪಲ್ಲಿ ಮುಗಿಯುತ್ತಲ್ಲ?

ಅಚ್ಚುಮೊಳೆ

ದುಡ್ಡಿನ ಲೆಕ್ಕದಲ್ಲಿ ಸರಿ, ಕಣ್ಣಿನ ಲೆಕ್ಕದಲ್ಲಿ ಅಲ್ಲ. ಒಬ್ಬ ಶಿಕ್ಷಕರಿಗೆ ಏಕಕಾಲಕ್ಕೆ ನೋಡಿಕೊಳ್ಳೋಕೆ ಆಗೋದು ಹದಿನಾಲ್ಕು ಹದಿನೈದು ಉಳಿ. ಹಿಡಿಗೆ ಕೊಡೋ ದುಡ್ಡನ್ನ ತಡೆಹಲಗೆಗೆ ಹಾಕಿ. 12 ಮಿ.ಮೀ. ಪ್ಲೈವುಡ್, 20×25 ಸೆಂ.ಮೀ. ಒಂದು ಅಂಚಿಗೆ ಮೇಲ್ಗಡೆ 2 ಸೆಂ.ಮೀ. ದಪ್ಪದ ಪಟ್ಟಿ, ಎದುರಂಚಿಗೆ ಕೆಳಗಡೆ ಅಂಥದ್ದೇ ಇನ್ನೊಂದು. ಕೆಳಗಿನ ಪಟ್ಟಿ ಮೇಜಿನ ಅಂಚಿಗೆ ಸಿಕ್ಕಿಕೊಳ್ಳುತ್ತೆ, ಲಿನೋ ಮೇಲಿನ ಪಟ್ಟಿಗೆ ಒರಗುತ್ತೆ. ಲಿನೋ ಹಿಡಿಯೋ ಕೈಯನ್ನ ಉಳಿಯ ಮುಂದೆ ತರಬೇಕಾಗಲ್ಲ. ಬಡಗಿಗೆ ಹೇಳಿದರೆ ಒಂದೇ ದಿನದಲ್ಲಿ 15 ಮಾಡಿಕೊಡ್ತಾರೆ. ಲಿನೋ ಕೆಲಸದಲ್ಲಿ ಗಾಯ ಹೆಚ್ಚಾಗಿ ಆಗೋದು ಲಿನೋ ಹಿಡಿದ ಕೈಗೇ.

ನಾರುಹಲಗೆ

ಶೀಟಿನ ಬಗ್ಗೆ. ಅಂಗಡಿಯಲ್ಲಿ ಲಿನೋ ಅಂತ ಹೇಳಿ ನೆಲಹಾಸಿನ ವಿನೈಲ್ ಕೊಡೋದುಂಟು. ಹಿಂಬದಿ ನೋಡಿ: ನಿಜವಾದ ಲಿನೋಲಿಯಂಗೆ ಸೆಣಬಿನ ಬಟ್ಟೆ ಇರುತ್ತೆ, ಮುರಿದ ಅಂಚು ಮೂಸಿದರೆ ಅಗಸೆ ಎಣ್ಣೆ ವಾಸನೆ. ಅಗಸೆ ಎಣ್ಣೆ, ಕಾರ್ಕ್ ಪುಡಿ, ಮರದ ಹಿಟ್ಟು, ರಾಳ ಸೇರಿಸಿ ಮಾಡಿದ ಸಾಮಾನು ಅದು. ವಿನೈಲ್ ಮೇಲೆ ಉಳಿ ಜಾರುತ್ತೆ, ಕೊರೆದ ಚೂರು ರಬ್ಬರಿನ ಹಾಗೆ ಎಳೆದುಕೊಂಡು ಬರುತ್ತೆ.

ದಪ್ಪ 3 ಮಿ.ಮೀ. ಆಸುಪಾಸು ಇರಲಿ. 30×45 ಸೆಂ.ಮೀ. ಶೀಟಿನಲ್ಲಿ 10×15ರ 9 ತುಂಡು ಬರುತ್ತೆ. 5 ಶೀಟ್ ತಂದರೆ 45. 42 ಮಕ್ಕಳಿಗೆ, ಮೂರು ತೋರಿಸಿಕೊಡೋಕೆ. ಶೀಟ್ ತುಂಡು ಮಾಡೋಕೆ ಕತ್ತರಿ ಬೇಡ. ಮುಖದ ಕಡೆ ಸ್ಟೀಲ್ ಸ್ಕೇಲ್ ಇಟ್ಟು ಕಟ್ಟರ್‌ನಲ್ಲಿ ಎರಡು ಸಲ ಗೀರಿ, ಹಿಂದಕ್ಕೆ ಬಗ್ಗಿಸಿದರೆ ಗೆರೆಗುಂಟ ಬಿರಿಯುತ್ತೆ, ಆಮೇಲೆ ಹಿಂಬದಿಯ ಸೆಣಬು ಕೊಯ್ದರಾಯ್ತು.

ಹಳೇ ಸ್ಟಾಕ್ ತರಬೇಡಿ. ಲಿನೋ ವರ್ಷ ಕಳೆದಂತೆ ಒಣಗಿ ಗಡುಸಾಗುತ್ತೆ, ಗೆರೆಯ ಅಂಚು ಪುಡಿಪುಡಿ ಆಗುತ್ತೆ. ಮೂಲೆಯನ್ನ ಮೆಲ್ಲಗೆ ಬಗ್ಗಿಸಿ ನೋಡಿ, ಟಕ್ ಅಂತ ಮುರಿದರೆ ವಾಪಸ್ ಕೊಡಿ. ಒಳ್ಳೆಯ ಶೀಟನ್ನೂ ಕೊರೆಯುವ ಮೊದಲು ಹತ್ತು ನಿಮಿಷ ಬಿಸಿಲಿಗೆ ಇಡಿ. ಬೆಚ್ಚಗಿನ ಲಿನೋದಲ್ಲಿ ಉಳಿ ಹೋಗೋದು ಗಟ್ಟಿ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ. ಮಳೆಗಾಲದಲ್ಲಿ ಬಿಸಿನೀರಿನ ಚೀಲದ ಮೇಲೆ ಇಟ್ಟರೂ ಆಗುತ್ತೆ.

ಉಳಿ ಮೊಂಡಾದರೆ ಮಗು ಒತ್ತಡ ಹಾಕುತ್ತೆ, ಒತ್ತಡ ಹಾಕಿದಾಗಲೇ ಜಾರೋದು. ಹಳೇ ಬೆಲ್ಟಿನ ತುಂಡಿಗೆ ಲೋಹ ಪಾಲಿಶ್ ಸವರಿ, ಪ್ರತಿ ಪಿರಿಯಡ್ ಮುಂಚೆ ಬ್ಲೇಡಿನ ಬೆನ್ನನ್ನ ಹತ್ತು ಸಲ ಹಿಂದಕ್ಕೆ ಎಳೆಯಿರಿ.

ಕೆಮ್ಮಣ್ಣು

ಪೋಸ್ಟರ್ ಕಲರ್ ಬೇಡವೇ ಬೇಡ. ಅದಕ್ಕೆ ಅಂಟು ಸಾಲದು, ನೀರು ಜಾಸ್ತಿ. ಕೊರೆದ ಗೆರೆಯೊಳಗೆ ಹರಿದು ತುಂಬುತ್ತೆ, ಉಳಿದದ್ದು ರೋಲರ್ ಮೇಲೇ ಒಣಗುತ್ತೆ. ಅಕ್ರಿಲಿಕ್ ಕೂಡ ಬೇಗ ಒಣಗಿ ಕಾಗದವನ್ನ ಹಲಗೆಗೆ ಅಂಟಿಸಿಬಿಡುತ್ತೆ. ಬೇರೆ ದಾರಿ ಇಲ್ಲದಿದ್ದರೆ ನಾಲ್ಕು ಚಮಚ ಅಕ್ರಿಲಿಕ್‌ಗೆ ಅರ್ಧ ಚಮಚ ಗ್ಲಿಸರಿನ್ ಹಾಕಿ.

ನೀರಿನಲ್ಲಿ ಕರಗುವ ಬ್ಲಾಕ್ ಪ್ರಿಂಟಿಂಗ್ ಇಂಕ್ (ಅಚ್ಚಿನ ಹಲಗೆಗೆ ಹಚ್ಚೋ ಇಂಕ್) ತರಿಸಿ ಅನ್ನೋದು ನನ್ನ ಸಲಹೆ. ಗಂಟೆಯೊಳಗೆ ಒಣಗುತ್ತೆ, ಕೈ ತೊಳೆದರೆ ಹೋಗುತ್ತೆ, ಬಿಳಿ ಸಮವಸ್ತ್ರಕ್ಕೆ ತಾಗಿದರೂ ಮನೆಯಲ್ಲಿ ಬೈಗುಳ ಇಲ್ಲ.

ಅಚ್ಚುಮೊಳೆ

ಸಮವಸ್ತ್ರದ ಮಾತು ಒಪ್ಪುತ್ತೀನಿ. ಆದರೆ ಇವರ ಕೋಣೆಗೆ ನಲ್ಲಿ ಒಂದೇ, ಅದೂ ಹೊರಗೆ. ನೀರಿನ ಇಂಕ್ ಅಂದರೆ ಹಲಗೆ, ಇಂಕ್ ಹರಡೋ ಗಾಜು, ರೋಲರ್, ಕೈ ಎಲ್ಲವೂ ನಲ್ಲಿಗೆ ಹೋಗಬೇಕು. ಲಿನೋ ಪದೇಪದೇ ನೆನೆದರೆ ಸೆಣಬು ಹಿಗ್ಗಿ ಹಲಗೆ ದೋಣಿಯ ಹಾಗೆ ಬಾಗುತ್ತೆ. ಆಫ್‌ಸೆಟ್ ಇಂಕ್ (ಪ್ರಿಂಟಿಂಗ್ ಪ್ರೆಸ್ಸಿನವರು ಬಳಸೋ ಎಣ್ಣೆ ಇಂಕ್) ಆದರೆ ಬಟ್ಟೆಗೆ ಎರಡು ಹನಿ ಅಡುಗೆ ಎಣ್ಣೆ ಹಾಕಿ ಒರೆಸಿದರೆ ಮುಗೀತು, ಕೈಗೆ ಮಾತ್ರ ಸೋಪು. ಸೀಮೆಎಣ್ಣೆ, ಥಿನ್ನರ್ ತರಗತಿಯೊಳಗೆ ತರಲೇಬೇಡಿ.

ಆಫ್‌ಸೆಟ್ ಇಂಕ್ ಸಾಮಾನ್ಯವಾಗಿ ಒಂದು ಕಿಲೋ ಡಬ್ಬಿಯಲ್ಲಿ ಬರುತ್ತೆ, ಊರಿನ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೇಳಿದರೆ ಬಿಡಿಯಾಗಿಯೂ ಕೊಡ್ತಾರೆ. 10×15ರ ಹಲಗೆಗೆ ಪೋಲು ಸೇರಿ ಪ್ರತಿಗೆ ಒಂದು ಗ್ರಾಂ ಹಿಡಿಯಿರಿ. ಅರ್ಧ ಕಿಲೋ ಕಪ್ಪು ಧಾರಾಳ. ಒಣಗೋಕೆ ಮಾತ್ರ ಎರಡು ಮೂರು ದಿನ, ಮಳೆಗಾಲದಲ್ಲಿ ವಾರ. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ. ನುಣುಪು ಆರ್ಟ್ ಪೇಪರ್ ಮೇಲೆ ತೆಗೆಯಬೇಡಿ, ಇಂಕ್ ಒಳಗೆ ಇಳಿಯದೆ ಮೇಲೇ ಕೂತು ತಿಂಗಳಾದರೂ ಕೈಗೆ ಹತ್ತುತ್ತೆ.

ಡಬ್ಬಿಯ ನಡುಮಧ್ಯೆ ಕರಣೆ ಹಾಕಿ ಗುಂಡಿ ತೋಡಬಾರದು. ಮೇಲ್ಪದರವನ್ನ ಸಮನಾಗಿ ಕೆರೆದು ತೆಗೆದು, ಮುಚ್ಚುವ ಮೊದಲು ಬಟರ್ ಪೇಪರ್ ಒತ್ತಿ ಗಾಳಿ ಹೊರಗೆ ಹಾಕಿ. ಇಲ್ಲದಿದ್ದರೆ ಕೆನೆ ಕಟ್ಟುತ್ತೆ. ಆ ಕೆನೆಯ ಚೂರು ರೋಲರ್‌ಗೆ ಬಂದರೆ ಪ್ರತಿಯೊಂದು ಅಚ್ಚಿನಲ್ಲೂ ಸುತ್ತ ಬಿಳಿ ಉಂಗುರ ಇರುವ ಚುಕ್ಕೆ.

ಕೆಮ್ಮಣ್ಣು

ನಲ್ಲಿಯ ವಿಷಯ ಗಮನಿಸಿರಲಿಲ್ಲ. ಹಾಗಾದರೆ ಆಫ್‌ಸೆಟ್ ಸರಿ, ಆದರೆ ಎರಡು ಮೇಜು ಬೇರೆ ಮಾಡಲೇಬೇಕು. ಒಂದು ಕಪ್ಪು ಕೈ ಮೇಜು, ಇಂಕ್ ಉರುಳಿಸೋರು ಅಲ್ಲಿ. ಇನ್ನೊಂದು ಬಿಳಿ ಕೈ ಮೇಜು, ಕಾಗದ ಮುಟ್ಟೋರು ಅಲ್ಲಿ. ಇಬ್ಬಿಬ್ಬರ ಜೋಡಿ: ಒಬ್ಬರು ಉರುಳಿಸಿ ಹಲಗೆಯ ಅಂಚು ಹಿಡಿದು ತಂದು ಇಡಬೇಕು, ಇನ್ನೊಬ್ಬರು ಕಾಗದ ಇಟ್ಟು ಉಜ್ಜಬೇಕು. ತನ್ನ ಅಚ್ಚಿಗೆ ತಾನೇ ಎರಡೂ ಮಾಡಿದರೆ ಪ್ರತಿಯ ಅಂಚಿಗೆ ಬೆರಳ ಗುರುತು ಖಂಡಿತ.

ದುಂಡಕ್ಷರ

ಚಿತ್ರದ ಹಂತಕ್ಕೆ ಒಂದು ಪಿರಿಯಡ್ ಕೊಟ್ಟಿದ್ದೀರಿ, ಆ ಪಿರಿಯಡ್ಡಿಗೆ ಪೆನ್ಸಿಲ್ ಕೊಡಬೇಡಿ. ಪೆನ್ಸಿಲ್ ಕೊಟ್ಟರೆ ಮಕ್ಕಳು ಹೊರಗೆರೆ ಎಳೀತಾರೆ, ಲಿನೋ ಕೇಳೋದು ಕಪ್ಪು ಬಿಳುಪಿನ ಪಾಲು. ಕಪ್ಪು ಕಾಗದ, ಬಿಳಿ ಪೆನ್ಸಿಲ್ ಅಥವಾ ಸೀಮೆಸುಣ್ಣ ಕೊಡಿ. ಬಿಳಿ ಎಳೆದದ್ದೆಲ್ಲ ಕೊರೆಯೋದು, ಕಪ್ಪು ಉಳಿದದ್ದೆಲ್ಲ ಅಚ್ಚಾಗೋದು. ಕಲಾವಿದ ನಂದಲಾಲ್ ಬೋಸ್ 1930ರಲ್ಲಿ ಮಾಡಿದ, ಕೋಲೂರಿ ನಡೆಯುವ ಗಾಂಧಿಯ ಲಿನೋ ತೋರಿಸಿ. ಕಪ್ಪು ಬಯಲಲ್ಲಿ ಬಿಳಿ ಗೆರೆಗಳೇ ಆಳನ್ನ ನಿಲ್ಲಿಸಿವೆ. ಐದು ನಿಮಿಷ ಅದನ್ನ ನೋಡಿದ ಮಗುವಿಗೆ ಮತ್ತೆ ವಿವರಣೆ ಬೇಕಾಗಲ್ಲ.

ಟ್ರೇಸಿಂಗ್ ಹೀಗೆ: ಟ್ರೇಸಿಂಗ್ ಪೇಪರ್ ಮೇಲೆ 6ಬಿ ಪೆನ್ಸಿಲ್‌ನಲ್ಲಿ ಚಿತ್ರ ತೆಗೆದು, ಮುಖ ಕೆಳಗೆ ಮಾಡಿ ಲಿನೋ ಮೇಲಿಟ್ಟು, ಬೆನ್ನನ್ನ ಚಮಚದಲ್ಲಿ ಉಜ್ಜಿ. ಚಿತ್ರ ತಾನಾಗಿ ತಿರುಗುಮುರುಗಾಗಿ ಇಳಿಯುತ್ತೆ, ಅಚ್ಚಿನಲ್ಲಿ ನೆಟ್ಟಗೆ ಬರುತ್ತೆ. ಕಾರ್ಬನ್ ಪೇಪರ್ ಇಟ್ಟು ಎಳೆದರೆ ಈ ತಿರುವು ಸಿಗಲ್ಲ, ಹೆಸರು ಉಲ್ಟಾ ಬರೋದು ಬಹುಪಾಲು ಇಲ್ಲೇ. ಪೆನ್ಸಿಲ್ ಅಳಿಸಿಹೋಗದ ಹಾಗೆ ಗೆರೆಗಳ ಮೇಲೆ ಪರ್ಮನೆಂಟ್ ಮಾರ್ಕರ್ ಎಳೆಸಿ. ಆಮೇಲೆ ನೀರು ಬೆರೆಸಿದ ಕೆಂಪು ಇಂಕನ್ನ ಮೇಲೆಲ್ಲ ತೆಳುವಾಗಿ ಬಳಿದು ಒಣಗಿಸಿ. ಕೊರೆದಲ್ಲೆಲ್ಲ ಲಿನೋದ ತಿಳಿ ಬಣ್ಣ ಎದ್ದು ಕಾಣುತ್ತೆ, ಅಚ್ಚು ಹೇಗೆ ಬರುತ್ತೆ ಅಂತ ಮಗುವಿಗೆ ಕೊರೆಯುವಾಗಲೇ ಗೊತ್ತಾಗುತ್ತೆ.

ಅಕ್ಷರ ಬಳಸುವುದಾದರೆ: ಕನ್ನಡ ಅಕ್ಷರ ದುಂಡು, ಅದೇ ಕಷ್ಟ, ಅದೇ ಚಂದ. ತಿರುವಿನಲ್ಲಿ ಉಳಿ ತಿರುಗಿಸಿದರೆ ಬ್ಲೇಡಿನ ಒಂದು ರೆಕ್ಕೆ ಎತ್ತಿಕೊಂಡು ಅಂಚು ಹರಿಯುತ್ತೆ. ಉಳಿ ಹಿಡಿದ ಕೈ ನಿಂತಲ್ಲೇ ಇರಲಿ, ಎಡಗೈ ಹಲಗೆಯನ್ನ ನಿಧಾನ ತಿರುಗಿಸಲಿ. ರೊಟ್ಟಿ ತಟ್ಟುವಾಗ ರೊಟ್ಟಿ ತಿರುಗುತ್ತಲ್ಲ, ಹಾಗೆ. ಅಕ್ಷರದ ಎತ್ತರ ಎರಡೂವರೆ ಸೆಂ.ಮೀ.ಗಿಂತ ಕಡಿಮೆ ಬೇಡ, ‘ಬ’, ‘ಅ’ಗಳ ಹೊಟ್ಟೆ ಇಂಕ್ ತುಂಬಿ ಮುಚ್ಚಿಹೋಗುತ್ತೆ. ಒತ್ತಕ್ಷರ ಹಲಗೆಯ ಮೇಲೆ ಎಡಕ್ಕೆ ಬಂದಿರುತ್ತೆ. ತಪ್ಪಾಯಿತು ಅಂತ ಮಕ್ಕಳು ಅದನ್ನ ಬಲಕ್ಕೆ ‘ಸರಿ’ ಮಾಡಿಬಿಡ್ತಾರೆ, ಮುಂಚೆಯೇ ಹೇಳಿಡಿ. ಅನುಮಾನ ಬಂದರೆ ಕನ್ನಡಿ ಹಿಡಿದು ಓದಿಸಿ.

ಹಗ್ಗಕ್ಲಿಪ್ಪು

ಹಸೆ ಚಿತ್ತಾರ ಲಿನೋಗೆ ಒಗ್ಗುತ್ತಾ? ಗೆರೆ ಎಲ್ಲ ನೇರ ಇರೋದರಿಂದ ಸುಲಭ ಅನ್ನಿಸುತ್ತೆ.

ಕೆಮ್ಮಣ್ಣು

ಒಗ್ಗುತ್ತೆ. ಸುಲಭ ಅಲ್ಲ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೀತಾರೆ. ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಗಾಢ ನೆಲ, ತಿಳಿ ಗೆರೆ ಅನ್ನೋದು ಲಿನೋದ ಸ್ವಭಾವವೇ, ಆ ಮಟ್ಟಿಗೆ ಹೊಂದಿಕೆ ಸಹಜ.

ತೊಂದರೆ ಇರೋದು ಸಾಲು ಗೆರೆಗಳಲ್ಲಿ. ಎರಡು ಕೊರೆತದ ನಡುವೆ ಉಳಿಯುವ ದಿಂಡು ಒಂದೂವರೆ ಮಿ.ಮೀ.ಗಿಂತ ತೆಳುವಾದರೆ ಮುರಿಯುತ್ತೆ. 10 ಸೆಂ.ಮೀ. ಅಗಲದ ಹಲಗೆಯಲ್ಲಿ ಒಂದು ಮಿ.ಮೀ. ಬಿಳಿ, ಒಂದೂವರೆ ಮಿ.ಮೀ. ದಿಂಡು ಅಂತಾದರೆ 40 ಗೆರೆ, ಅಷ್ಟೇ ಹಿಡಿಯೋದು. ಹೊಸ ಕೈಗೆ ಅದೂ ಹೆಚ್ಚು, 15 ಗೆರೆ ಸಾಕು. ಸ್ಕೇಲ್ ಒತ್ತಿ ಕೊರೆಯೋಕೆ ಬಿಡಬೇಡಿ, ಉಳಿ ಸ್ಕೇಲಿಗೆ ತಾಗಿ ಜಾರುತ್ತೆ. ಮೊದಲು ಕಟ್ಟರ್‌ನಲ್ಲಿ ಸ್ಕೇಲ್ ಹಿಡಿದು ಕೂದಲೆಳೆಯಷ್ಟು ಗೀರು, ಆ ಗೀರಿನಲ್ಲಿ ವಿ ಉಳಿ ತಾನಾಗಿ ದಾರಿ ಹಿಡಿಯುತ್ತೆ. ಕಟ್ಟರ್ ನೀವೇ ಹಿಡಿಯಿರಿ, ಮಕ್ಕಳ ಕೈಗೆ ಬೇಡ.

ಬಣ್ಣಕ್ಕೆ ಆಫ್‌ಸೆಟ್ ಕೆಂಪು ಐದು ಪಾಲು, ಹಳದಿ ಎರಡು, ಕಪ್ಪು ಚಮಚದ ತುದಿಯಷ್ಟು. ಕಪ್ಪು ಸ್ವಲ್ಪ ಹೆಚ್ಚಾದರೂ ಕೆಮ್ಮಣ್ಣು ಹೋಗಿ ಕಂದು ಆಗುತ್ತೆ, ಹಾಗಾಗಿ ಕೆಂಪಿಗೆ ಕಪ್ಪನ್ನ ಸೇರಿಸಿ, ಕಪ್ಪಿಗೆ ಕೆಂಪನ್ನಲ್ಲ.

ಮಕ್ಕಳಿಗೆ ಚಿತ್ತಾರದ ಫೋಟೋ ಕೊಟ್ಟು ನಕಲು ಮಾಡಿಸೋದು ನನಗೆ ಒಪ್ಪಿಗೆ ಇಲ್ಲ. ಸಾಲು ಗೆರೆಯ ಕ್ರಮ ಕಲಿಯಲಿ, ಆ ಕ್ರಮದಲ್ಲಿ ತಮ್ಮ ಮನೆಯ ಬಾಗಿಲು, ಬಸ್ ನಿಲ್ದಾಣ ಹಾಕಲಿ. ಪ್ರದರ್ಶನದಲ್ಲಿ ಇಡುವಾಗ ಇದು ದೀವರ ಹೆಣ್ಣುಮಕ್ಕಳ ಕಲೆಯಿಂದ ಕಲಿತದ್ದು ಅಂತ ಚೀಟಿಯಲ್ಲಿ ಬರೆಯಿರಿ. ಬರೀ ‘ಜಾನಪದ ಕಲೆ’ ಅಂತ ಹಾಕಿದರೆ ಎಳೆದವರ ಕೈ ಅಳಿಸಿದ ಹಾಗೆ.

ಬಿಳಿಹಾಳೆ

ಆಫ್‌ಸೆಟ್ ಇಂಕ್ ಸ್ವಲ್ಪ ತಂದು ಒಂದು ಹಲಗೆ ಪರೀಕ್ಷಿಸಿದಾಗ ಮೂರು ಸಮಸ್ಯೆ: ಕಪ್ಪು ಬಯಲಿನ ತುಂಬ ಉಪ್ಪು ಚೆಲ್ಲಿದ ಹಾಗೆ ಬಿಳಿ ಚುಕ್ಕೆ, ಇಂಕ್ ಜಾಸ್ತಿ ಮಾಡಿದರೆ ಸಣ್ಣ ಗೆರೆ ಮುಚ್ಚಿಹೋಗುತ್ತೆ, ಒಂದು ಪ್ರತಿಯಲ್ಲಿ ಎಲ್ಲ ಗೆರೆಯೂ ಎರಡೆರಡು. ಕಾಗದ 200 ಜಿ.ಎಸ್.ಎಂ. (ಚದರ ಮೀಟರಿಗೆ 200 ಗ್ರಾಂ) ಡ್ರಾಯಿಂಗ್ ಶೀಟ್.

ಅಚ್ಚುಮೊಳೆ

ಮೊದಲ ಎರಡಕ್ಕೂ ಕಾರಣ ಕಾಗದ. 200 ಜಿ.ಎಸ್.ಎಂ. ಪ್ರೆಸ್‌ಗೆ ಸರಿ, ಕೈಗೆ ಅಲ್ಲ. ದಪ್ಪ ಕಾಗದದ ಬೆನ್ನಿಗೆ ಕೊಟ್ಟ ಒತ್ತಡ ಮುಖಕ್ಕೆ ತಲುಪಲ್ಲ, ಚುಕ್ಕೆ ಉಳಿಯುತ್ತೆ. ಅದನ್ನ ಇಂಕ್‌ನಿಂದ ತುಂಬಿಸೋಕೆ ಹೋದರೆ ಗೆರೆ ಮುಚ್ಚುತ್ತೆ. 70-80 ಜಿ.ಎಸ್.ಎಂ. ಜೆರಾಕ್ಸ್ ಕಾಗದ ಅಥವಾ ತೆಳು ಕೈಕಾಗದ ತಗೊಳ್ಳಿ. ಎ4 ಅರ್ಧ ಮಾಡಿದರೆ 10×15ರ ಹಲಗೆಗೆ ಸುತ್ತ ಸುಮಾರು ಎರಡೂವರೆ ಸೆಂ.ಮೀ. ಅಂಚು ಸಿಗುತ್ತೆ. 126 ಪ್ರತಿಗೆ 63 ಹಾಳೆ, ಕೆಟ್ಟದ್ದಕ್ಕೆ ಸೇರಿಸಿ 80. ದಪ್ಪ ಶೀಟೇ ಬೇಕಿದ್ದರೆ ಒದ್ದೆ ಸ್ಪಂಜಿನಲ್ಲಿ ಸವರಿ, ಪ್ಲಾಸ್ಟಿಕ್ ಹಾಳೆಯ ನಡುವೆ ಅರ್ಧ ಗಂಟೆ ಇಟ್ಟು, ಮೇಲೆ ನೀರು ಹೊಳೆಯದ ಹಾಗೆ ಒತ್ತಿ ತೆಗೆದು ಬಳಸಿ.

ಇಂಕ್ ಸರಿಯಾಗಿದೆಯಾ ಅಂತ ಕಿವಿ ಹೇಳುತ್ತೆ. ಗಾಜಿನ ಮೇಲೆ ಅರ್ಧ ಚಮಚ ಇಂಕನ್ನ ಗೆರೆಯಾಗಿ ಹಾಕಿ, ರೋಲರ್ ಎತ್ತಿ ಎತ್ತಿ ಉರುಳಿಸಿ. ಎತ್ತದೆ ಹಿಂದೆ ಮುಂದೆ ಎಳೆದರೆ ಅದೇ ಇಂಕ್ ಅದೇ ಜಾಗದಲ್ಲಿ ಸುತ್ತುತ್ತೆ. ಮೊದಲು ಪಚಪಚ ಅನ್ನುತ್ತೆ, ಅದು ಹೆಚ್ಚಾಯಿತು. ಹರಡುತ್ತಾ ಹರಡುತ್ತಾ ಸದ್ದು ಸಣ್ಣ ಸರಸರಕ್ಕೆ ಇಳಿಯುತ್ತೆ, ಮೇಲ್ಮೈ ಕಿತ್ತಳೆ ಸಿಪ್ಪೆ ಹೋಗಿ ಮಖಮಲ್ ಥರ ಕಾಣುತ್ತೆ. ಆಗ ಹಲಗೆಗೆ ಹಚ್ಚಿ, ಒಂದೇ ಸಲ ದಪ್ಪ ಅಲ್ಲ, ಮೂರು ನಾಲ್ಕು ತೆಳು ಪದರ, ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಒಮ್ಮೆ. ಚಳಿಗೆ ಇಂಕ್ ಗಟ್ಟಿಯಾಗಿ ಕಾಗದದ ನಾರು ಕೀಳುತ್ತಿದ್ದರೆ ಒಂದು ಚಮಚಕ್ಕೆ ಎರಡು ಹನಿ ಅಗಸೆ ಎಣ್ಣೆ. ಬೇಸಿಗೆಯಲ್ಲಿ ಸಡಿಲವಾಗಿ ಹರಿದರೆ ಚಿಟಿಕೆ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ.

ಎರಡೆರಡು ಗೆರೆ ಬಂದದ್ದು ಕಾಗದ ಜರುಗಿದ್ದಕ್ಕೆ. ಹಳೇ ಪುಸ್ತಕದ ರಟ್ಟಿನಿಂದ ‘ಎಲ್’ ಆಕಾರದ ಮೂಲೆ ಕತ್ತರಿಸಿ ಮೇಜಿಗೆ ಅಂಟಿಸಿ, ಹಲಗೆ ಅದರೊಳಗೆ ಕೂರಲಿ. ಕಾಗದವನ್ನ ಒಂದು ಅಂಚಿನಿಂದ ಇಳಿಬಿಟ್ಟು, ಮೊದಲು ಅಂಗೈ ಒತ್ತಿ ಇಡೀ ಹಾಳೆ ಕಚ್ಚಿಕೊಳ್ಳಲಿ, ಆಮೇಲೆ ಚಮಚ. ಮೇಲೊಂದು ಬಟರ್ ಪೇಪರ್ ಇಟ್ಟು ಸ್ಟೀಲ್ ಚಮಚದ ಬೆನ್ನಿನಿಂದ ನಡುವಿನಿಂದ ಹೊರಕ್ಕೆ ಸಣ್ಣ ಸುತ್ತು. ಮುಗೀತು ಅನ್ನಿಸಿದಾಗ ಒಂದು ಮೂಲೆ ಮಾತ್ರ ಎತ್ತಿ ನೋಡಿ. ಸಾಲದಿದ್ದರೆ ಮತ್ತೆ ಇಳಿಸಿ ಉಜ್ಜಿ, ಇನ್ನೊಂದು ಮೂಲೆ ಕಚ್ಚಿಕೊಂಡಿರೋವರೆಗೂ ಜರುಗಲ್ಲ.

ನಾರುಹಲಗೆ

ಉಳಿ ಸಿಗದೆ ಕಾಯುವ 27-28 ಮಕ್ಕಳಿಗೆ: ರಟ್ಟಿನ ಅಚ್ಚು. ಉಳಿಯೇ ಬೇಡ. ನೋಟ್‌ಬುಕ್ಕಿನ ರಟ್ಟು 10×15 ತುಂಡು ಮಾಡಿ, ಮೇಲೆ ದಾರ, ಒಣ ಎಲೆ, ಗೋಣಿ ಚೂರು, ಕತ್ತರಿಸಿದ ಕಾಗದ ಫೆವಿಕಾಲ್‌ನಲ್ಲಿ ಅಂಟಿಸೋದು. ಫೆವಿಕಾಲ್ ಮೇಲೆ ರಂಗೋಲಿ ಪುಡಿ ಉದುರಿಸಿದರೆ ಅಚ್ಚಿನಲ್ಲಿ ಒಳ್ಳೆಯ ಕಾಳು ಕಾಳು ಬೂದು ಸಿಗುತ್ತೆ. ಯಾವುದೂ ಎರಡು ಮಿ.ಮೀ.ಗಿಂತ ಎತ್ತರ ಇರಬಾರದು, ಇದ್ದರೆ ಅದರ ಸುತ್ತ ಕಾಗದ ಡೇರೆಯ ಹಾಗೆ ನಿಂತು ಪಕ್ಕದ್ದು ಅಚ್ಚಾಗಲ್ಲ. ಸುತಲಿ ಇದಕ್ಕೇ ಕೆಲಸಕ್ಕೆ ಬಾರದು.

ಒಂದು ದಿನ ಒಣಗಿಸಿ, ಸಮ ಪಾಲು ನೀರು ಬೆರೆಸಿದ ಫೆವಿಕಾಲನ್ನ ಎರಡು ಸಲ ಬಳಿಯಿರಿ, ಮುಖ, ಬೆನ್ನು, ಅಂಚು ಮೂರಕ್ಕೂ. ಬೆನ್ನು ಬಿಟ್ಟರೆ ರಟ್ಟು ಸುರುಳಿಕೊಳ್ಳುತ್ತೆ. ಈ ಲೇಪಕ್ಕೆ ಎಣ್ಣೆ ಇಂಕ್ ಮಾತ್ರ. ನೀರಿನ ಇಂಕ್ ಹಾಕಿದರೆ ಫೆವಿಕಾಲ್ ಮತ್ತೆ ಅಂಟಾಗಿ ಕಾಗದ ಹರಿದು ಬರುತ್ತೆ. ನೀರಿನ ಇಂಕೇ ಆದರೆ ಫೆವಿಕಾಲ್ ಬದಲು ಅರಗಿನ ಪಾಲಿಶ್ ಬಳಿಯಬೇಕು.

ಬಿಳಿಹಾಳೆ

ಹಾಗಾದರೆ ತರಿಸೋದು: ಲಿನೋ 30×45 ಐದು ಶೀಟ್, ತಡೆಹಲಗೆ 15, ಕಪ್ಪು ಇಂಕ್ ಅರ್ಧ ಕಿಲೋ, ಕೆಂಪು, ಹಳದಿ ನೂರು ನೂರು ಗ್ರಾಂ, ಗಾಜು 30×30 ನಾಲ್ಕು, ಜೆರಾಕ್ಸ್ ಕಾಗದ, ಟ್ರೇಸಿಂಗ್ ಪೇಪರ್, ಬಟರ್ ಪೇಪರ್, ಚಮಚ 8, ಫೆವಿಕಾಲ್ ಒಂದು ಕಿಲೋ, ಹಗ್ಗ, ಕ್ಲಿಪ್ 100. 13 ಪಿರಿಯಡ್. ಏನಾದರೂ ಬಿಟ್ಟಿದ್ದೀನಾ?

ಅಚ್ಚುಮೊಳೆ

ಗಾಜಿನ ಅಂಚಿಗೆ ದಪ್ಪ ಟೇಪ್ ಸುತ್ತಿ, ಅಥವಾ ಗಾಜಿನ ಬದಲು ಅಕ್ರಿಲಿಕ್ ಶೀಟ್ ತಗೊಳ್ಳಿ. ಪ್ರತಿಗೆ ಪೆನ್ಸಿಲ್‌ನಲ್ಲೇ ಸಹಿ: ಎಡಕ್ಕೆ 1/2, 2/2 ಅಂತ ಸಂಖ್ಯೆ, ನಡುವೆ ಚಿತ್ರದ ಹೆಸರು, ಬಲಕ್ಕೆ ಮಗುವಿನ ಸಹಿ. ಪರೀಕ್ಷೆಯ ಪ್ರತಿಗೆ ಸಂಖ್ಯೆ ಬೇಡ, ಅದನ್ನ ಎಸೆಯಲೂ ಬೇಡ. ಮೂರನೆಯ ಗುಂಪಿಗೆ ಪಾಠ ಹೇಳೋಕೆ ಅದಕ್ಕಿಂತ ಒಳ್ಳೆಯದು ಸಿಗಲ್ಲ.

ಕೆಮ್ಮಣ್ಣು

ಒರೆಸುವ ಬಟ್ಟೆ ಬಿಟ್ಟಿದ್ದೀರಿ. ಹಳೇ ಹತ್ತಿ ಪಂಚೆ ಎರಡು, ಅಂಗೈ ಅಗಲದ ಚೂರು ಮಾಡಿ. ಅಗಸೆ ಎಣ್ಣೆ, ಇಂಕ್ ಹೀರಿದ ಬಟ್ಟೆಯನ್ನ ಮುದ್ದೆ ಮಾಡಿ ಡಬ್ಬಿಗೆ, ಬೀರುವಿಗೆ ತುರುಕಬೇಡಿ. ಆ ಎಣ್ಣೆ ಗಾಳಿ ಹೀರಿ ಒಣಗುವಾಗ ಶಾಖ ಬಿಡುತ್ತೆ, ಮುದ್ದೆಯೊಳಗೆ ಆ ಶಾಖ ಹೊರಬರೋಕೆ ದಾರಿ ಇಲ್ಲದೆ ತಾನಾಗಿ ಹೊತ್ತಿಕೊಳ್ಳಬಹುದು. ಪಿರಿಯಡ್ ಮುಗಿದ ಕೂಡಲೇ ಒಂದೊಂದನ್ನೂ ಬಿಡಿಸಿ ಹೊರಗೆ ತಂತಿಯ ಮೇಲೆ ಹರವಿ, ಗರಿಗರಿ ಒಣಗಿದ ಮೇಲೆ ನೀರಿನಲ್ಲಿ ಅದ್ದಿ ಕಸಕ್ಕೆ ಹಾಕಿ.